ಸ್ಕಾಗೆಫ್ಲೋ ಏರಿದ ದಿನ

ನಾರ್ವೆಯ ಗೈರಾಂಗರ್ ಫ್ಯೋರ್ಡನ್ನು, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ತೋಳನ್ನು, ನಾನು ಮೊದಲ ಸಲ ನೋಡಿದ್ದು ಎಲ್ಲರಂತೆ ಫೆರಿಯ ಮೇಲಿನಿಂದಲೇ. ಪ್ರಯಾಣಿಕರ ಮೊಬೈಲ್‌ಗಳೆಲ್ಲ ‘ಏಳು ಸಹೋದರಿಯರು’ ಎಂಬ ಜಲಪಾತದತ್ತ ತಿರುಗಿದ್ದಾಗ ನನ್ನ ಕಣ್ಣು ಎದುರು ದಂಡೆಯ ಬಂಡೆಗೋಡೆಯಲ್ಲಿ ನೆಟ್ಟಿತು. ಅರ್ಧ ಎತ್ತರದಲ್ಲಿ ಅಂಗೈಯಗಲದ ಹಸಿರು, ಅದರ ಮೇಲೆ ಬೂದುಬಣ್ಣದ ಮನೆಗಳು. ಅಲ್ಲಿ ಜನ ಸಂಸಾರ ಮಾಡಿದ್ದರೆಂದರೆ ನಂಬಲಾಗಲಿಲ್ಲ. ಓಲೆಸುಂಡ್‌ನ ನನ್ನ ಮನೆಗೆ ಮರಳಿದ ಮೇಲೂ ಆ ಹಸಿರು ಕಣ್ಣಿಂದ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೊರಟೇಬಿಟ್ಟೆ.

ಆ ಜಾಗದ ಹೆಸರು ಸ್ಕಾಗೆಫ್ಲೋ. ನೀರಿನಿಂದ ಸುಮಾರು 250 ಮೀಟರ್ ಮೇಲಿದೆ. ಗೈರಾಂಗರ್ ಊರಿನಿಂದ ಬೆಟ್ಟ ಬಳಸಿ ನಡೆದು ಹೋಗಬಹುದು, ಇಲ್ಲವೇ ದೋಣಿಯಲ್ಲಿ ಹೋಗಿ ಬಂಡೆಯ ಬುಡದಲ್ಲಿ ಇಳಿದು ನೇರವಾಗಿ ಹತ್ತಬಹುದು. ನಾನು ದೋಣಿಯಲ್ಲಿ ಹೋಗಿ ನಡೆದು ಮರಳಿದೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ: ಕಡಿದಾದ ಬದಿಯನ್ನು ಹತ್ತಬೇಕು, ಇಳಿಯಲು ಹೋಗಬಾರದು. ಬಂಡೆಯ ಬುಡದಲ್ಲಿ ದೋಣಿಯಿಂದ ಇಳಿಯುವವರಿದ್ದೇವೆಂದು ಟಿಕೆಟ್ ಕೊಳ್ಳುವಾಗಲೇ ತಿಳಿಸಿಡಿ.

ದೋಣಿಯ ಸದ್ದು ದೂರವಾದಾಗ ಮೊದಲು ಗಮನಕ್ಕೆ ಬಂದದ್ದು ದಂಡೆಯೇ ಇಲ್ಲದಿರುವುದು. ಮರಳಿಲ್ಲ, ಕೆಸರಿಲ್ಲ, ಬಂಡೆ ನೇರವಾಗಿ ಕಪ್ಪು ನೀರಿಗೆ ಇಳಿಯುತ್ತದೆ. ಹಿಮಯುಗಗಳಲ್ಲಿ ಹಿಮನದಿ ಇಲ್ಲಿನ ಕಣಿವೆಯನ್ನು ಉಜ್ಜಿ ಉಜ್ಜಿ ಆಳಗೊಳಿಸಿತು. ಹಿಮ ಕರಗಿದ ಮೇಲೆ ಸಮುದ್ರ ಒಳನುಗ್ಗಿ ತುಂಬಿಕೊಂಡಿತು. ಹಾಗಾಗಿ ನಾವು ಹತ್ತುವ ಗೋಡೆ ನೀರಿನೊಳಗೂ ಹಾಗೆಯೇ ಮುಂದುವರಿಯುತ್ತದೆ. ಕಾಲುದಾರಿ ಕಿರಿದು, ಕೆಲವೆಡೆ ಹಿಡಿದುಕೊಳ್ಳಲು ಆಸರೆಗಳಿವೆ. ನಾನು ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡೆ, ಮೇಲೆ ತಲುಪಲು ಒಂದು ಗಂಟೆ ಹಿಡಿಯಿತು.

ಮೇಲೆ ಹುಲ್ಲು ಮೊಣಕಾಲೆತ್ತರ. ಬೆನ್ನಚೀಲ ಇಳಿಸಿ ಮನೆಯೊಂದರ ಸೂರಿನಡಿ ಕುಳಿತೆ. ಮಾಡಿನ ಮೇಲೆ ಮಣ್ಣು, ಮಣ್ಣಿನಲ್ಲಿ ಬೆಳೆದ ಹುಲ್ಲು. ಸೂರಿನ ಅಂಚಿನಲ್ಲಿ ಮಣ್ಣಿನ ಕೆಳಗಿನಿಂದ ಬಿಳಿಗಂದು ಪದರಗಳು ಇಣುಕುತ್ತಿದ್ದವು. ಮುಟ್ಟಿದರೆ ನಯವಾದ, ಚರ್ಮದಂಥ ಹಾಳೆ. ಅದು ಬರ್ಚ್ ಮರದ ತೊಗಟೆ, ನಮ್ಮ ಭೂರ್ಜಪತ್ರದ ಬಳಗದ್ದು. ಹಿಮಾಲಯದ ಸೀಮೆಯಲ್ಲಿ ಗ್ರಂಥ ಬರೆಯಲು ಬಳಸಿದ್ದನ್ನು ಇಲ್ಲಿನವರು ಮಳೆಗೆ ತಡೆಯಾಗಿ ಹಾಸಿದ್ದರು. ತೊಗಟೆ ನೀರನ್ನು ತಡೆಯುತ್ತದೆ, ಮಣ್ಣಿನ ಭಾರ ತೊಗಟೆಯನ್ನು ಗಾಳಿಗೆ ಹಾರದಂತೆ ಹಿಡಿದಿಡುತ್ತದೆ. ಬಹಳ ಹೊತ್ತು ನಾನು ಅದನ್ನೇ ನೋಡುತ್ತ ಕುಳಿತಿದ್ದೆ.

ಇಲ್ಲಿನ ಬದುಕು ನಿಂತಿದ್ದದ್ದು ಮೇಕೆಗಳ ಮೇಲೆ. ಎಳೆಯ ಮಕ್ಕಳು ಅಂಚಿನಿಂದ ಬೀಳದಂತೆ ಹಗ್ಗ ಕಟ್ಟಿಡುತ್ತಿದ್ದರಂತೆ. ಕಂದಾಯದವರು ಬಂದರೆ ಏಣಿಯನ್ನು ಮೇಲೆಳೆದುಕೊಳ್ಳುತ್ತಿದ್ದರೆಂಬ ಕಥೆಯನ್ನು ದೋಣಿಯವರು ಈಗಲೂ ಹೇಳುತ್ತಾರೆ. ಆದರೆ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ನನಗೆ ನೆನಪಾದದ್ದು ಹಗ್ಗವೇ ಹೊರತು ಏಣಿಯಲ್ಲ. ಕೊನೆಯ ಕುಟುಂಬ 1916ರಲ್ಲಿ ಇಲ್ಲಿಂದ ಇಳಿದುಹೋಯಿತು. 1993ರಲ್ಲಿ ನಾರ್ವೆಯ ದೊರೆ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ ಬೆಳ್ಳಿಹಬ್ಬವನ್ನು ಇದೇ ಹುಲ್ಲಿನ ಮೇಲೆ ಆಚರಿಸಿದರು. ಮಾಡುಗಳು ಇನ್ನೂ ಉಳಿದಿರುವುದಕ್ಕೆ ಕಾರಣ 1975ರಿಂದ ಈ ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತ ಬಂದಿರುವ ‘ಸ್ಟೂರ್‌ಫ್ಯೋರ್ಡಿನ ಗೆಳೆಯರು’ ಎಂಬ ಸಂಘ. 2005ರಲ್ಲಿ ಈ ಫ್ಯೋರ್ಡಿಗೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟ ಸಿಕ್ಕಿತು.

ಎದುರು ದಂಡೆಯಲ್ಲಿ, ಏಳು ಸಹೋದರಿಯರ ಪಕ್ಕದಲ್ಲೇ, ಕ್ನಿವ್ಸ್‌ಫ್ಲೋ ಎಂಬ ಇನ್ನೊಂದು ಮನೆ ಕಾಣುತ್ತದೆ. ಮೇಲಿನ ಬಂಡೆ ಕುಸಿಯಬಹುದೆಂಬ ಭಯದಿಂದ ಅದನ್ನು 19ನೇ ಶತಮಾನದ ಕೊನೆಗೆ ತೊರೆದರು. ಈ ಭಯ ಬರೀ ಊಹೆಯಲ್ಲ. ಹತ್ತಿರದ ತಾಫ್ಯೋರ್ಡಿನಲ್ಲಿ 1934ರ ಏಪ್ರಿಲ್ 7ರ ಬೆಳಗಿನ ಜಾವ ಬೆಟ್ಟದ ಪಾರ್ಶ್ವ ನೀರಿಗೆ ಕುಸಿದು ಎದ್ದ ಅಲೆ 40 ಜನರನ್ನು ಬಲಿ ತೆಗೆದುಕೊಂಡಿತು. ಹತ್ತಿರದಲ್ಲೇ ಇರುವ ಓಕರ್ನೆಸ್‌ನ ಬೆಟ್ಟದಲ್ಲಿ ಇವತ್ತಿಗೂ ಬಿರುಕೊಂದು ಅಗಲವಾಗುತ್ತಿದೆ. ಉಪಕರಣಗಳು ಹಗಲಿರುಳು ಅದನ್ನು ಅಳೆಯುತ್ತವೆ. ಅದು ಕುಸಿದರೆ ಅಲೆ ಬಡಿಯುವ ಮುನ್ನ ಗೈರಾಂಗರ್ ಊರಿನವರಿಗೆ ಸಿಗುವುದು ಕೆಲವೇ ನಿಮಿಷ. ಹಿಮನದಿ ಕೊರೆದ ಕೆಲಸ ಇನ್ನೂ ಮುಗಿದಿಲ್ಲ.

ಮರಳುವ ದಾರಿ ಮೊದಲು ಇನ್ನೂ ಮೇಲಕ್ಕೇ ಏರಿ, ಆಮೇಲೆ ಬರ್ಚ್ ಕಾಡಿನೊಳಗೆ ಗೈರಾಂಗರ್ ಊರಿನ ಹತ್ತಿರದ ಹೊಮ್ಲಾಂಗ್ ಕಡೆಗೆ ಇಳಿಯುತ್ತದೆ. ಮೂರು ಗಂಟೆ ಬೇಕೇ ಬೇಕು. ಮಧ್ಯಾಹ್ನದ ಬುತ್ತಿ ಜೊತೆಗಿರಲಿ. ನಡುದಾರಿಯಲ್ಲಿ ಮಳೆ ಹನಿಯಿತು. ಮರವೊಂದಕ್ಕೆ ಒರಗಿ ನಿಂತು ಕೆಳಗೆ ನೋಡಿದರೆ ಅದೇ ಫೆರಿ ಬರುತ್ತಿತ್ತು, ಅದರ ಮೇಲಿದ್ದವರೆಲ್ಲ ಜಲಪಾತದ ಕಡೆಯ ಕಂಬಿಗೆ ಸರಿದಿದ್ದರು.