ತಗಡನ್ನು ತಿರುಗಿಸುತ್ತ ಕೆತ್ತಿದ ಕೆನ್ನೆ

ನೆದರ್ಲೆಂಡ್ಸ್ ದೇಶದ ಹಾರ್ಲೆಮ್ ನಗರದ ಹೆಂಡ್ರಿಕ್ ಗೋಲ್ಟ್ಸಿಯಸ್ (1558–1617) ತಾಮ್ರದಲ್ಲಿ ಕೆತ್ತಿದ ಭಾವಚಿತ್ರಗಳನ್ನು ನೋಡಿ ಮೆಚ್ಚುವುದು ಬೇರೆ, ಆ ಗೆರೆಗಳನ್ನು ಕೈಯಾರೆ ಕೆತ್ತಿ ಅರಿಯುವುದು ಬೇರೆ. ಅಚ್ಚುಚಿತ್ರಗಳ ಕೆಲಸವನ್ನೇ ನೆಚ್ಚಿಕೊಂಡಿರುವ ನಾನು, ಆತ ತನ್ನ ಗುರು ಡಿರ್ಕ್ ಕೋರ್ನ್‌ಹರ್ಟ್‌ನನ್ನು ಚಿತ್ರಿಸಿದ ದೊಡ್ಡ ಭಾವಚಿತ್ರದಿಂದ ಕೆನ್ನೆಯ ಭಾಗವನ್ನಷ್ಟೇ ಆರಿಸಿಕೊಂಡು ನಕಲು ಮಾಡಿದೆ.

ಚಿತ್ರವನ್ನು ತಗಡಿನ ಮೇಲೆ ಎಡಬಲ ಅದಲುಬದಲಾಗಿ ಇಳಿಸಿಕೊಂಡು, ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನಿಟ್ಟು, ಓರೆಯಾಗಿ ಸಾಣೆ ಹಿಡಿದ ಬ್ಯೂರಿನ್ ಉಳಿಯ ಹಿಡಿಯನ್ನು ಅಂಗೈಗೆ ಒತ್ತಿಕೊಂಡು ಕೆಲಸಕ್ಕೆ ಕುಳಿತೆ. ಬಾಗಿದ ಗೆರೆ ಬೇಕಾದಾಗ ಬಲಗೈ ಉಳಿಯನ್ನು ಮುಂದಕ್ಕೆ ನೂಕುತ್ತದೆಯೇ ಹೊರತು ಹೊರಳುವುದಿಲ್ಲ. ಎಡಗೈ ತಗಡನ್ನೇ ಉಳಿಯ ಎದುರಿಗೆ ತಿರುಗಿಸುತ್ತದೆ. ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಬಲಗೈಯನ್ನು ಪೂರ್ತಿ ಬಿಡಿಸಲಾಗದಂತಾದ ಗೋಲ್ಟ್ಸಿಯಸ್ ಇಂಥ ಕೆಲಸದಲ್ಲಿ ಅಷ್ಟು ಎತ್ತರಕ್ಕೆ ಏರಿದ್ದು ಹೇಗೆಂಬುದು, ಉಳಿ ಹಿಡಿದ ಮೇಲೆ ನನಗೆ ಅರ್ಥವಾಯಿತು: ಇಲ್ಲಿ ಬೆರಳುಗಳ ಚುರುಕಿಗಿಂತ ತೋಳು ಮತ್ತು ಹೆಗಲಿನ ಹಿಡಿತವೇ ಮುಖ್ಯ.

ಆತನ ಗೆರೆ ಕೂದಲೆಳೆಯಷ್ಟು ಸಣ್ಣದಾಗಿ ಹುಟ್ಟಿ, ನೆರಳಿರುವಲ್ಲಿ ಉಬ್ಬಿ, ಬೆಳಕಿನ ಕಡೆಗೆ ಮತ್ತೆ ಸಣ್ಣಗಾಗಿ ಮುಗಿಯುತ್ತದೆ. ಇದನ್ನು ಸಾಧಿಸಲು ಗೆರೆಯ ನಡುವೆ ಎಲ್ಲಿಯೂ ನಿಲ್ಲದೆ ಉಳಿಯ ಕೋನವನ್ನು ಮೆಲ್ಲಗೆ ಏರಿಸಿ ಇಳಿಸಬೇಕು. ಕೆನ್ನೆಯ ಉಬ್ಬನ್ನು ಅನುಸರಿಸಿದ ಒಂದು ಸಾಲು ಗೆರೆಗಳ ಮೇಲೆ ಎರಡನೆಯ ಸಾಲನ್ನು ಓರೆಯಾಗಿ ಹಾಯಿಸಿದಾಗ ವಜ್ರಾಕಾರದ ಪುಟ್ಟ ಮನೆಗಳು ಮೂಡುತ್ತವೆ. ಅವುಗಳ ನಡುವೆ ಚುಕ್ಕೆಯಿಟ್ಟಾಗ ಚರ್ಮಕ್ಕೆ ಮೃದುತ್ವ ಬರುತ್ತದೆ. ಎರಡೂ ಸಾಲುಗಳು ಲಂಬ ಕೋನದಲ್ಲಿ ಕೂಡಿದರೆ ಮುಖದ ಮೇಲೆ ಬಲೆ ಹೊದಿಸಿದಂತೆ ಕಾಣುತ್ತದೆ, ಆದ್ದರಿಂದ ಓರೆಯನ್ನು ಬಿಟ್ಟುಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಗೆರೆಯ ಅಂಚಿನಲ್ಲಿ ಎದ್ದ ತಾಮ್ರದ ಸಿಬಿರನ್ನು ಹೆರೆದು ತೆಗೆದು, ತಗಡಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದಲೂ ಕೊನೆಗೆ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದದೊಂದಿಗೆ ರೋಲರ್ ಪ್ರೆಸ್ಸಿನಲ್ಲಿ ಒತ್ತಿದೆ. ಆಳವಾದ ಗೆರೆಯಲ್ಲಿ ಹೆಚ್ಚು ಶಾಯಿ ನಿಲ್ಲುವುದರಿಂದ ಕಾಗದದ ಮೇಲೆ ಅದು ಬೆರಳಿಗೆ ತಾಕುವಷ್ಟು ಎದ್ದು ನಿಲ್ಲುತ್ತದೆ. ಪರದೆಯ ಮೇಲಿನ ಪ್ರತಿಗಳಲ್ಲಿ ಈ ಉಬ್ಬು ಸಿಗದು.

ಡೆಲ್ಫ್ಟ್‌ನ ಕೆತ್ತನೆಗಾರ ವಿಲ್ಲೆಮ್ ಡೆಲ್ಫ್ ತನಗೆ ಹೆಣ್ಣು ಕೊಟ್ಟ ಮಾವ ಮಿಖೀಲ್ ವಾನ್ ಮಿರೆವೆಲ್ಟ್‌ನ ವರ್ಣಚಿತ್ರಗಳನ್ನು ತಾಮ್ರಕ್ಕೆ ಇಳಿಸಿದಾಗ, ಕೊರಳಪಟ್ಟಿಯ ಲೇಸಿನ ಬಿಳುಪನ್ನು ಕಾಗದದ ಖಾಲಿ ಜಾಗದಿಂದಲೇ ಪಡೆಯಬೇಕಿತ್ತು. ಈಗ ಅಂಥದೊಂದು ಕೊರಳಪಟ್ಟಿಯನ್ನು ಕೆತ್ತುತ್ತಿದ್ದೇನೆ. ಉಳಿ ಮುಟ್ಟದ ಜಾಗಗಳನ್ನು ಮೊದಲೇ ಗುರುತಿಟ್ಟುಕೊಳ್ಳುವುದರಲ್ಲೇ ಹೆಚ್ಚಿನ ಸಮಯ ಹೋಗುತ್ತಿದೆ.