ಎಡಗೈಗೂ ಒಂದು ಕೆಲಸ

ಪೀಣ್ಯದಲ್ಲಿ ವೆಲ್ಡಿಂಗ್ ಫಿಕ್ಸ್ಚರ್ ಡಿಸೈನ್ ಮಾಡುವುದು ನನ್ನ ಕೆಲಸ. ವೆಲ್ಡ್ ಆಗಬೇಕಾದ ಪೀಸುಗಳು ಒಂದಿಷ್ಟೂ ಅಲುಗದಂತೆ ಹಿಡಿದುಕೊಳ್ಳುವ ಕಬ್ಬಿಣದ ಚೌಕಟ್ಟೇ ಫಿಕ್ಸ್ಚರ್. ಬೇಸ್ ಪ್ಲೇಟು, ರೆಸ್ಟ್ ಪ್ಯಾಡು, ಲೊಕೇಟಿಂಗ್ ಪಿನ್ನು, ಟಾಗಲ್ ಕ್ಲ್ಯಾಂಪು ಅಂತ ಒಂದೊಂದು ಅಸೆಂಬ್ಲಿಯಲ್ಲಿ ಇನ್ನೂರು ಮುನ್ನೂರು ಭಾಗ. ಕ್ಲ್ಯಾಂಪಿನ ತೋಳು ತೆರೆದಾಗ ಪಕ್ಕದ ಬ್ರ್ಯಾಕೆಟ್ಟಿಗೆ ತಾಗುತ್ತದೋ, ವೆಲ್ಡ್ ಮಾಡುವ ಮಿಗ್ ಟಾರ್ಚು ಆ ಮೂಲೆಯವರೆಗೆ ಹೋಗುತ್ತದೋ, ವೆಲ್ಡ್ ಆದ ಮೇಲೆ ಪೀಸು ಸಿಕ್ಕಿಕೊಳ್ಳದೆ ಹೊರಗೆ ಬರುತ್ತದೋ ಅಂತ ಕಂಪ್ಯೂಟರಿನಲ್ಲಿ ಮಾಡೆಲನ್ನು ಹಿಂದೆ ಮುಂದೆ ತಿರುಗಿಸಿಯೇ ನೋಡಬೇಕು. ಲೆಕ್ಕ ಹಾಕಿದರೆ ನಾನು ಗೆರೆ ಎಳೆಯುವುದಕ್ಕಿಂತ ತಿರುಗಿಸಿ ನೋಡುವುದೇ ಹೆಚ್ಚು.

ನಾನು ಬಳಸುವ ತ್ರೀಡಿ ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ತಿರುಗಿಸಬೇಕೆಂದರೆ ಮೌಸಿನ ವೀಲನ್ನು ಒತ್ತಿ ಹಿಡಿದು ಎಳೆಯಬೇಕು. ಸರಿಸಬೇಕೆಂದರೆ ಕಂಟ್ರೋಲ್ ಕೀ ಜೊತೆ ಅದೇ ವೀಲ್. ಹತ್ತಿರ, ದೂರ ಮಾಡುವುದಕ್ಕೂ ಅದೇ. ಹನ್ನೊಂದು ವರ್ಷ ಆ ಒಂದು ವೀಲಿನ ಮೇಲೆ ಒಂದೇ ಬೆರಳು ದುಡಿಯಿತು. ಆಮೇಲೆ ಬೆರಳಿನ ಬುಡದಿಂದ ಮೊಣಕೈಯವರೆಗೆ ಎಳೆತ ಶುರುವಾಯಿತು. ಬೆಳಿಗ್ಗೆ ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿನಲ್ಲಿ ಸ್ಕೂಟರ್ ಬ್ರೇಕ್ ಹಿಡಿಯುವಾಗ ಮುಖ ಕಿವುಚುವಷ್ಟು. "ಸ್ವಲ್ಪ ದಿನ ಮೌಸ್ ಮುಟ್ಟಬೇಡಿ" ಅಂದರು ಡಾಕ್ಟರು. "ಹಂಗಾದ್ರೆ ನಿಮ್ಮ ಫೀಸ್ ಹೆಂಗ್ ಕೊಡ್ಲಿ ಡಾಕ್ಟ್ರೇ" ಅಂದೆ. ನಕ್ಕು ಮಾತ್ರೆ ಬರೆದರು.

ಮೊದಲು ಗೆಳೆಯನೊಬ್ಬನ ವರ್ಟಿಕಲ್ ಮೌಸ್ ತಂದು ನೋಡಿದೆ. ಮಣಿಕಟ್ಟಿಗೆ ಆರಾಮ ಅನಿಸಿತು, ಆದರೆ ವೀಲ್ ಒತ್ತುವ ಪಾಪದ ಬೆರಳು ಮಾತ್ರ ಅದೇ. ಹೀಗೆ ಯೋಚಿಸುತ್ತ ಕೂತಿದ್ದಾಗ ನನ್ನ ಎಡಗೈ ಕಣ್ಣಿಗೆ ಬಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಸ್ಕೇಪ್ ಒತ್ತುವುದು, ಕಾಫಿ ಲೋಟ ಹಿಡಿಯುವುದು, ಉಳಿದ ಹೊತ್ತೆಲ್ಲ ಗಲ್ಲಕ್ಕೆ ಆನಿಕೆ. ಸಂಬಳ ಮಾತ್ರ ಎರಡೂ ಕೈಗೆ.

ಇನ್ನೊಂದು ಕೈಯಲ್ಲಿ ಗುಂಡಿಯೊಂದನ್ನು ಹಿಡಿದು ಮಾಡೆಲ್ ತಿರುಗಿಸುವ ತ್ರೀಡಿ ಮೌಸಿನ ಬಗ್ಗೆ ಮೊದಲೇ ಗೊತ್ತಿತ್ತು. ಬೆಲೆ ಐದಂಕಿಯದು ಅಂತಲೂ ಗೊತ್ತಿತ್ತು. ಅದಕ್ಕೇ ಜಾಣತನ ಮಾಡಲು ಹೋಗಿ ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ಹಳೆಯ ಪೀಸ್ ಹಿಡಿದುಕೊಂಡು ಬಂದೆ. ರಬ್ಬರ್ ಲೇಪ ಹಳತಾಗಿ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಕೈ ಬಿಟ್ಟರೂ ಮಾಡೆಲ್ ತನ್ನಷ್ಟಕ್ಕೆ ಎಡಕ್ಕೆ ಜಾರುತ್ತ ಹೋಗುತ್ತಿತ್ತು. ಅದರ ಡ್ರೈವರ್ ಸಾಫ್ಟ್‌ವೇರಿನಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಹೊರಡುತ್ತಿತ್ತು. ಆ ದುಡ್ಡು ನೀರಿಗೆ ಹೋಯಿತು. ಈಗ ಯಾರಾದರೂ ಹಳೆಯದು ಕೊಳ್ಳುತ್ತೇನೆ ಅಂದರೆ ಒಂದೇ ಮಾತು ಹೇಳುತ್ತೇನೆ: ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಗುಂಡಿಯನ್ನು ನಾಲ್ಕೂ ಕಡೆ ತಳ್ಳಿ, ಮೇಲಕ್ಕೂ ಎಳೆದು, ಕೈ ಬಿಟ್ಟು ಇಪ್ಪತ್ತು ಎಣಿಸಿ. ಮಾಡೆಲ್ ನಿಂತಲ್ಲೇ ನಿಂತರೆ ಮಾತ್ರ ಜೇಬಿಗೆ ಕೈ ಹಾಕಿ.

ಆದರೂ ಆ ನಾಲ್ಕು ದಿನದಲ್ಲಿ ಈ ವಸ್ತು ಏನೆಂದು ಅರ್ಥವಾಗಿತ್ತು. ಭಾರದ ಬುಡ, ಅದರ ಮೇಲೆ ಮುಷ್ಟಿಯೊಳಗೆ ಕೂರುವ ಒಂದು ಗುಂಡಿ. ಗುಂಡಿ ಅಲುಗುವುದು ಕೂದಲೆಳೆಯಷ್ಟು. ಒಳಗೆ ಸ್ಪ್ರಿಂಗು, ಅತಿಗೆಂಪು ಬೆಳಕು, ಅದನ್ನು ಅಳೆಯುವ ಸೆನ್ಸರು. ನೂಕಬಹುದು, ಎತ್ತಬಹುದು, ಓರೆ ಮಾಡಬಹುದು, ತಿರುಚಬಹುದು. ಫಿಕ್ಸ್ಚರ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವುದೇ ಪೀಸಿಗೆ ಆರು ಬಗೆಯ ಚಲನೆ ಇರುತ್ತದೆ, ಮೂರು ಸರಿಯುವುದು, ಮೂರು ತಿರುಗುವುದು. ಕೆಳಗೆ ಮೂರು, ಪಕ್ಕಕ್ಕೆ ಎರಡು, ತುದಿಗೆ ಒಂದು ಆಸರೆ ಕೊಟ್ಟು ಆರನ್ನೂ ಕಟ್ಟಿಹಾಕುವುದೇ ನಮ್ಮ 3-2-1 ಪಾಠ. ನಾವು ಕಟ್ಟುವ ಆ ಆರನ್ನೂ ಈ ಗುಂಡಿ ಬಿಚ್ಚಿ ಒಂದು ಅಂಗೈಯಲ್ಲಿ ಇಡುತ್ತದೆ. ಇದರ ಬೇರು ಇರುವುದು ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್‌ನ ರೋಬೊ ಕೆಲಸದಲ್ಲಿ. 1993ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಹೋದ ರೋಟೆಕ್ಸ್ ಎಂಬ ರೋಬೊ ಕೈಯನ್ನು ಆಡಿಸಿದ್ದು ಈ ಜಾತಿಯದೇ ಒಂದು ಗುಂಡಿಯಿಂದ.

ಹೊಸದು ಕೊಳ್ಳುವಾಗ ತ್ರೀಡಿಕನೆಕ್ಷನ್ ಕಂಪನಿಯ ಸ್ಪೇಸ್‌ಮೌಸ್ ಎಂಬ ತ್ರೀಡಿ ಮೌಸ್‌ಗಳ ಸಾಲಿನಲ್ಲಿ ಯಾವುದು ಅನ್ನುವುದೇ ಪ್ರಶ್ನೆ. ಕಾಂಪ್ಯಾಕ್ಟ್‌ನಲ್ಲಿ ಎರಡೇ ಬಟನ್. ಪ್ರೋದಲ್ಲಿ 15, ಎಂಟರ್‌ಪ್ರೈಸ್‌ನಲ್ಲಿ 31 ಮತ್ತು ಒಂದು ಪುಟ್ಟ ಪರದೆ. ಬೊಮ್ಮಸಂದ್ರದಲ್ಲಿ ಪರಿಚಯದವರೊಬ್ಬರ ಬಳಿ ಪ್ರೋ ಇತ್ತು. ಒಂದು ಶನಿವಾರ ನನ್ನ ಲ್ಯಾಪ್‌ಟಾಪು, ನನ್ನದೇ ಅತಿ ಭಾರದ ಅಸೆಂಬ್ಲಿ ತೆಗೆದುಕೊಂಡು ಹೋಗಿ ಮೂರು ಗಂಟೆ ಕೂತೆ. ಕಂಪನಿಯವರ ಡೆಮೊದಲ್ಲಿ ತೋರಿಸುವ ಪುಟ್ಟ ಇಂಜಿನ್ ಮಾಡೆಲ್ ಯಾವ ಮೌಸಿನಲ್ಲೂ ಚೆಂದ ತಿರುಗುತ್ತದೆ, ಅದನ್ನು ನಂಬಿ ಕೊಳ್ಳಬಾರದು.

ಕೈ ಇಟ್ಟುಕೊಳ್ಳಲು ಪ್ರೋ ಸೊಗಸು. ಆದರೆ ಹನ್ನೊಂದು ವರ್ಷದ ಕೀಬೋರ್ಡ್ ಶಾರ್ಟ್‌ಕಟ್‌ಗಳು ನನ್ನ ಎಡಗೈಯಲ್ಲಿ ಕಣ್ಣು ಮುಚ್ಚಿದರೂ ಬರುತ್ತವೆ. ಬಟನ್ ಹುಡುಕಲು ಪ್ರತಿಸಲ ಕೆಳಗೆ ನೋಡುವಂತಾಯಿತು. ಮೂರು ಗಂಟೆಯಲ್ಲಿ ನಾನು ನಿಜವಾಗಿ ಒತ್ತಿದ್ದು ಎರಡೋ ಮೂರೋ. ನಿಮಗೆ ಶಾರ್ಟ್‌ಕಟ್ ಅಭ್ಯಾಸವಿಲ್ಲ, ಎಲ್ಲವನ್ನೂ ಮೆನುವಿನಲ್ಲೇ ಹುಡುಕುತ್ತೀರಿ ಅಂದರೆ ಪ್ರೋ ಲೆಕ್ಕ ಬೇರೆ. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೂ ಒಂದು ಮಾತು: ಕಾಂಪ್ಯಾಕ್ಟ್ ಯಾವ ಬದಿಗಿಟ್ಟರೂ ಒಂದೇ. ವೈರ್‌ಲೆಸ್ ಬೇಡ ಅಂದೆ. ಚಾರ್ಜ್ ಮಾಡಬೇಕಾದ ಇನ್ನೊಂದು ವಸ್ತು ನನಗೆ ಬೇಕಿರಲಿಲ್ಲ. ಕಾಂಪ್ಯಾಕ್ಟ್ ತಗೊಂಡೆ. ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ. ಆ ತೂಕ ಇರದಿದ್ದರೆ ಗುಂಡಿ ತಳ್ಳಿದಾಗೆಲ್ಲ ಇಡೀ ಸಾಧನವೇ ಮೇಜಿನ ಮೇಲೆ ಓಡಾಡುತ್ತಿತ್ತು.

ಮೊದಲ ವಾರ ನರಕ. ಮೌಸನ್ನು ಎಷ್ಟು ಎಳೆದರೆ ಅಷ್ಟು ಸರಿಯುತ್ತದೆ. ಇದು ಹಾಗಲ್ಲ, ಆಕ್ಸಿಲರೇಟರ್ ಇದ್ದ ಹಾಗೆ. ಒತ್ತಿದಷ್ಟು ವೇಗ, ಒತ್ತಿ ಹಿಡಿದಿರುವಷ್ಟು ಹೊತ್ತೂ ಓಟ. ನನ್ನ ಕೈಗೆ ಅದು ತಿಳಿಯದೆ ಫಿಕ್ಸ್ಚರ್ ಜಾತ್ರೆಯ ತೊಟ್ಟಿಲಿನ ಹಾಗೆ ತಿರುಗಿ ಎರಡನೇ ದಿನ ತಲೆ ಸುತ್ತು ಬಂತು. ಪ್ರಿಂಟ್ ತಗೊಂಡು ಹೋಗಲು ಬಂದ ಟರ್ನರ್ ಅಣ್ಣ, "ಇದೇನ್ ಸಾರ್, ಗ್ಯಾಸ್ ಸ್ಟವ್ ನಾಬ್ ಕಿತ್ಕೊಂಡ್ ಬಂದಿದೀರಾ?" ಅಂತ ಕೇಳಿದ. ವಾಪಸ್ ಕೊಟ್ಟುಬಿಡೋಣ ಅಂತ ಡಬ್ಬಿಯನ್ನೂ ಎತ್ತಿಟ್ಟಿದ್ದೆ.

ದಾರಿಗೆ ತಂದಿದ್ದು ಸೆಟ್ಟಿಂಗು. ವೇಗವನ್ನು ಅರ್ಧಕ್ಕಿಂತ ಕೆಳಗಿಳಿಸಿದೆ. ತಿರುಗುವುದನ್ನು ಲಾಕ್ ಮಾಡಿ ಎರಡು ದಿನ ಬರೀ ಸರಿಸುವುದು, ಹತ್ತಿರ ತರುವುದು ಕಲಿತೆ. ಆಮೇಲೆ ತಿರುಗುವುದರ ಲಾಕ್ ತೆಗೆದೆ. ಗುಂಡಿಯೇ ಪೀಸು, ಅದನ್ನೇ ಕೈಯಲ್ಲಿ ಹಿಡಿದಿದ್ದೇನೆ ಅಂದುಕೊಂಡ ದಿನ ದಿಕ್ಕಿನ ಗೊಂದಲ ಹೋಯಿತು. ಹತ್ತು ದಿನಕ್ಕೆ ಕೈ ಕೂತಿತು.

ಲಾಭ ಎಲ್ಲಿ ಅಂದರೆ, ಎರಡು ಕೈ ಒಟ್ಟಿಗೆ ನಡೆಯುವುದರಲ್ಲಿ. ಪಿನ್ನಿಗೆ ಬೇಸ್ ಪ್ಲೇಟಿನ ಅಡಿಯಿಂದ ಬೋಲ್ಟ್ ಕೂರಿಸಬೇಕು ಅನ್ನಿ. ಮೊದಲು ಮೇಲಿನ ಮುಖ ಕ್ಲಿಕ್ ಮಾಡಿ, ನಿಲ್ಲಿಸಿ, ತಿರುಗಿಸಿ, ಮತ್ತೆ ನಿಲ್ಲಿಸಿ ಅಡಿಯ ತೂತು ಹುಡುಕುತ್ತಿದ್ದೆ. ಈಗ ಎಡಗೈ ಪ್ಲೇಟನ್ನು ಮಗುಚುತ್ತಿರುವಾಗಲೇ ಬಲಗೈಯ ಬಾಣ ತೂತಿನ ಅಂಚಿನಲ್ಲಿ ಕಾದಿರುತ್ತದೆ. ಕೈ ನೋವು ಪೂರ್ತಿ ಹೋಗಿಲ್ಲ, ಸಿಗ್ನಲ್ಲಿನಲ್ಲಿ ಮುಖ ಕಿವುಚುವುದು ನಿಂತಿದೆ. ಟುಡಿ ಡ್ರಾಯಿಂಗಿಗೆ ಡೈಮೆನ್ಷನ್ ಹಾಕುವ ದಿನ ಮಾತ್ರ ಇದು ಪೇಪರ್‌ವೇಯ್ಟ್. ಬರೀ ಆಟೊಕ್ಯಾಡ್ ಲೇಔಟ್ ಮಾಡುವವರು ಆ ದುಡ್ಡಲ್ಲಿ ಒಳ್ಳೆಯ ಕುರ್ಚಿ ತಗೊಳ್ಳಲಿ.

ಕಳೆದ ತಿಂಗಳು ಕಸ್ಟಮರ್ ಎದುರು ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದಾಗ ಫಿಕ್ಸ್ಚರ್ ಮೆಲ್ಲಗೆ ಮೇಲೇರಿ ಪರದೆಯಿಂದ ಆಚೆ ಹೊರಟುಹೋಯಿತು. ಇಡೀ ಮಾಡೆಲನ್ನು ಪರದೆಗೆ ಕೂರಿಸುವ ಎಫ್ ಕೀ ಒತ್ತಿ ವಾಪಸ್ ತಂದೆ, ಮತ್ತೆ ಹೊರಟಿತು. ನೋಡಿದರೆ ನನ್ನ ಡೈರಿ ಗುಂಡಿಗೆ ಒರಗಿಕೊಂಡಿತ್ತು. ಈಗ ಡೈರಿಯ ಜಾಗ ಬಲಗಡೆ.