ವಿಝಾರ್ಡ್ ಇಲ್ಲದೆ ಡೇಟಾಬೇಸ್‌ಗೆ ಪಟ್ಟಿ ತುಂಬಿಸುವುದು, ಹೊರತೆಗೆಯುವುದು ಹೇಗೆ?

ಉಡುಪಿಯ ಅಂಗಡಿಯೊಂದರ ಗ್ರಾಹಕರ ಪಟ್ಟಿ ಎಕ್ಸೆಲ್‌ನಲ್ಲಿದೆ, ಅದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗೆ ಹೋಗಬೇಕು ಎಂದುಕೊಳ್ಳಿ. ವಿಝಾರ್ಡ್ (ಹಂತಹಂತವಾಗಿ ಪ್ರಶ್ನೆ ಕೇಳಿ ಪಟ್ಟಿ ತುಂಬಿಸಿಕೊಡುವ ಪರದೆ) ಕೇಳುವ ಮುಖ್ಯ ಪ್ರಶ್ನೆಗಳು ನಾಲ್ಕೇ: ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಸಂಕೇತ ಕ್ರಮ) ಯಾವುದು, ಕಾಲಂ ಎಲ್ಲಿ ಒಡೆಯುತ್ತದೆ, ಸಾಲು ಎಲ್ಲಿ ಮುಗಿಯುತ್ತದೆ, ಯಾವ ಕಾಲಂ ಎಲ್ಲಿಗೆ ಸೇರುತ್ತದೆ. ಉತ್ತರಗಳನ್ನು ಒಂದು ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡುವ ಆದೇಶಗಳ) ಫೈಲಿನಲ್ಲಿ ಬರೆದಿಡಿ. ಮುಂದಿನ ತಿಂಗಳೂ ಅದನ್ನೇ ಓಡಿಸಬಹುದು.

ಹೆಚ್ಚಿನ ಅನಾಹುತ ಆಗುವುದು ಎಕ್ಸೆಲ್‌ನಲ್ಲೇ. ಫೋನ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡದಿದ್ದರೆ ಉಡುಪಿಯ 0820, ಮಂಗಳೂರಿನ 0824 ಎರಡೂ ಸೊನ್ನೆ ಕಳೆದುಕೊಳ್ಳುತ್ತವೆ. ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನೇ ಆರಿಸಿ; ಸಿಎಸ್‌ವಿ ಎಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲು, ಯುಟಿಎಫ್-8 ಎಂದರೆ ಕನ್ನಡವನ್ನೂ ಉಳಿಸುವ ಎನ್‌ಕೋಡಿಂಗ್. ಬರೀ ಸಿಎಸ್‌ವಿ ಆರಿಸಿದರೆ ‘ಬ್ರಹ್ಮಾವರ’ ಇದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿಯುತ್ತವೆ. ಆ ಫೈಲಿನಿಂದ ಕನ್ನಡ ಮರಳಿ ಬಾರದು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಮುಖ್ಯ ಟೇಬಲ್‌ಗೆ ನೇರವಾಗಿ ಸುರಿಯಬೇಡಿ. ಎಲ್ಲ ಕಾಲಂಗಳೂ ವಾರ್‌ಚಾರ್ (ಪಠ್ಯ) ಆಗಿರುವ, ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್-8ರ ಹೆಸರು) ಇರುವ ತಾತ್ಕಾಲಿಕ ಟೇಬಲ್ ಮಾಡಿ. ‘ಲೋಡ್ ಡೇಟಾ ಲೋಕಲ್ ಇನ್‌ಫೈಲ್’ ಆದೇಶದಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4, ಕಾಲಂ ಒಡೆಯಲು ಅಲ್ಪವಿರಾಮ ಎಂದು ಬರೆಯಿರಿ. ‘ಆಪ್ಷನಲಿ ಎನ್‌ಕ್ಲೋಸ್ಡ್ ಬೈ’ ಎಂಬಲ್ಲಿ ಜೋಡಿ ಉದ್ಧರಣ ಚಿಹ್ನೆ ಕೊಡಿ. ಇದನ್ನು ಬಿಟ್ಟರೆ ‘ಹಂಪನಕಟ್ಟೆ, ಮಂಗಳೂರು’ ಎಂಬ ಒಂದೇ ವಿಳಾಸ ಎರಡು ಕಾಲಂ ಆಗಿ, ಮುಂದಿನದ್ದೆಲ್ಲ ಪಕ್ಕಕ್ಕೆ ಜಾರುತ್ತದೆ. ವಿಂಡೋಸ್ ಫೈಲಿನ ಸಾಲು ಮುಗಿಯುವುದು ಬ್ಯಾಕ್‌ಸ್ಲ್ಯಾಶ್ ಆರ್, ಬ್ಯಾಕ್‌ಸ್ಲ್ಯಾಶ್ ಎನ್ ಎರಡರಿಂದ. ಎರಡನೆಯದನ್ನು ಮಾತ್ರ ಕೊಟ್ಟರೆ ಕೊನೆಯ ಕಾಲಂಗೆ ಕಣ್ಣಿಗೆ ಕಾಣದ ಅಕ್ಷರ ಅಂಟಿಕೊಂಡು, ಹುಡುಕಿದಾಗ ಹೆಸರೇ ಸಿಗುವುದಿಲ್ಲ. ಕೊನೆಗೆ ‘ಇಗ್ನೋರ್ 1 ಲೈನ್ಸ್’: ಶೀರ್ಷಿಕೆ ಸಾಲೂ ಅದರ ಮುಂದೆ ಎಕ್ಸೆಲ್ ಸೇರಿಸುವ ಬಿಒಎಂ ಎಂಬ ಕಣ್ಣಿಗೆ ಕಾಣದ ಗುರುತೂ ಒಟ್ಟಿಗೇ ಹೋಗುತ್ತವೆ.

ಆದೇಶ ನಿರಾಕರಿಸಲ್ಪಟ್ಟರೆ ಲೋಕಲ್ ಇನ್‌ಫೈಲ್ ಸೆಟ್ಟಿಂಗ್ ನೋಡಿ, ಮೈಎಸ್‌ಕ್ಯೂಎಲ್ 8.0ರಲ್ಲಿ ಅದು ಮೊದಲಿನಿಂದಲೇ ಆಫ್. ಸರ್ವರ್, ಕ್ಲೈಂಟ್ ಎರಡೂ ಕಡೆ ಆನ್ ಮಾಡಬೇಕು.

ಲೋಡ್ ಆದ ಕೂಡಲೇ, ಬೇರೆ ಆದೇಶ ಕೊಡುವ ಮೊದಲೇ, ‘ಶೋ ವಾರ್ನಿಂಗ್ಸ್’ ಓಡಿಸಿ. ಲೋಕಲ್ ಬಳಸಿದಾಗ ಮಾಹಿತಿಯ ದೋಷಗಳು ಎಚ್ಚರಿಕೆಗಳಾಗಿ ಮಾತ್ರ ಉಳಿದು ಕೆಲಸ ಮುಂದುವರಿಯುತ್ತದೆ. ಸಾಲುಗಳ ಲೆಕ್ಕ ಎಕ್ಸೆಲ್‌ನದ್ದಕ್ಕೆ ತಾಳೆಯಾದ ಮೇಲೆಯೇ ಮುಖ್ಯ ಟೇಬಲ್‌ಗೆ ಸೇರಿಸಿ. ನಮ್ಮ 05/03/2024 ಎಂಬ ದಿನಾಂಕವನ್ನು ‘ಸ್ಟ್ರ್ ಟು ಡೇಟ್’ ಮೂಲಕ 2024-03-05 ಮಾಡಿಕೊಳ್ಳಬೇಕು.

ಹೊರತೆಗೆಯಲು ‘ಸೆಲೆಕ್ಟ್ ಇನ್‌ಟು ಔಟ್‌ಫೈಲ್’ ಇದೆ. ಫೈಲ್ ಉಳಿಯುವುದು ಸರ್ವರ್‌ನಲ್ಲಿ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಆದೇಶ ನಡೆಯದು, ಹಾಗಾಗಿ ಹೆಸರಿಗೆ ದಿನಾಂಕ ಸೇರಿಸಿ. ಆ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ 0820ರ ಸೊನ್ನೆ ಮತ್ತೆ ಹೋಗುತ್ತದೆ. ಡೇಟಾ ಮೆನುವಿನಿಂದ ತಂದು ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸಿ.